ಎಣ್ಣೆಯ ಕೋಣೆಗೆ ಯಾವ ಡಬ್ಬಿ

ಗಣಪತಿ ಕಳಿಸಿ ಇನ್ನೂ ವಾರವಾಗಿರಲಿಲ್ಲ, ಬೆಟಗೇರಿಯ ನಮ್ಮ ಮಿಲ್ಲಿಗೆ ಕಾರಖಾನೆ ತಪಾಸಣೆಯ ಅಧಿಕಾರಿಯೊಬ್ಬರು ಬಂದರು. ಕನ್ನಡ ನಾಡು ಒಂದಾಗುವುದಕ್ಕೆ ಹೆಚ್ಚುಕಡಿಮೆ ಒಂದೂವರೆ ತಿಂಗಳಿತ್ತು. ಅಲ್ಲಿಯತನಕ ನಾವು ಮುಂಬಯಿ ಸರಕಾರದವರು. ನಾನು ಮಿಲ್ಲಿನ ಸ್ಟೋರಿನ ಕಾರಕೂನ. ಪಟ್ಟೆ, ಬೋಲ್ಟು, ಗ್ರೀಸು, ದಬ್ಬಣ, ಗೋಣಿತಟ್ಟು, ಒಳಗೆ ಬಂದದ್ದು ಹೊರಗೆ ಹೋದದ್ದು ಬರೆದಿಡುವುದು ನನ್ನ ಕೆಲಸ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಡಬ್ಬಿಗಳೂ ನನ್ನ ಪಟ್ಟಿಯಲ್ಲೇ ಇದ್ದವು. 'ಬೆಂಕಿ ಡಬ್ಬಿ, ನಾಲ್ಕು' ಎಂದು ಬರೆದು ಅದರ ಮುಂದೆ ವರ್ಷಕ್ಕೊಮ್ಮೆ ಸರಿ ಗುರುತು ಹಾಕುತ್ತಿದ್ದೆ. ಅದಕ್ಕಿಂತ ಹೆಚ್ಚು ಅವುಗಳ ಬಗ್ಗೆ ಯೋಚಿಸಿದವನಲ್ಲ.

ಅಂಗಳದ ಒಂದು ಕಡೆ ಹತ್ತಿ ಬಿಡಿಸಿ, ಒತ್ತಿ ಅಂಡಿಗೆ ಕಟ್ಟುವ ಮನೆ, ಇನ್ನೊಂದು ಕಡೆ ಶೇಂಗಾ ಎಣ್ಣೆಯ ಮನೆ. ಅಧಿಕಾರಿ ಮೊದಲು ಹತ್ತಿಯ ಮನೆಗೆ ಹೋಗಿ, ಡಬ್ಬಿಯ ಮೂತಿಯ ತೂತಿಗೆ ಗುಂಡುಸೂಜಿ ಹಾಕಿ ಕೆದಕಿದರು. ಸೂಜಿಯ ಜೊತೆ ಹತ್ತಿಯ ಎಳೆ, ಧೂಳು ಮುದ್ದೆಯಾಗಿ ಬಂತು. ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಇಟಗೋರಿ, ಕಾರಕೂನರ. ಬೆಂಕಿ ಹತ್ತಿದ್ರ ಈ ತೂತಿನಾಗ ನೀರು ಬರ್ತಿದ್ದಿಲ್ಲ."

ಆಮೇಲೆ ಎಣ್ಣೆ ಕಾಯಿಸುವ ಕೋಣೆಗೆ ಬಂದರು. ಗಾಣದಿಂದ ಬಂದ ಎಣ್ಣೆಯಲ್ಲಿ ನೀರಿನ ಅಂಶ ಉಳಿದಿರುತ್ತದೆ. ದೊಡ್ಡ ಕಡಾಯಿಯಲ್ಲಿ ಹಾಕಿ ಕಟ್ಟಿಗೆ ಒಲೆಯ ಮೇಲೆ ಕಾಯಿಸಿ ಅದನ್ನು ಹೋಗಲಾಡಿಸಬೇಕು. ಒಲೆಯಿಂದ ನಾಲ್ಕು ಹೆಜ್ಜೆ ದೂರದ ಗೋಡೆಗೂ ಅಂಥದೇ ಡಬ್ಬಿ.

"ಇಲ್ಲೂ ಇದ ಡಬ್ಬಿ ಯಾಕ ಹಾಕೀರಿ?"

"ಸಾಹೇಬ್ರ, ಬೆಂಕಿ ಡಬ್ಬಿ ಅಂದ್ರ ಎಲ್ಲಾ ಒಂದ ಅಲ್ಲೇನ್ರಿ?"

"ಎಲ್ಲಾ ಔಷಧಾನೂ ಶೀಸೆದಾಗ ಇರ್ತಾವ. ಹಂಗಂತ ಹೊಟ್ಟಿ ನೋವಿಗೆ ಕಣ್ಣಿನ ಔಷಧ ಕುಡೀತೀರೇನು?"

ಅವರು ಸಿಟ್ಟಿನ ಮನುಷ್ಯರಲ್ಲ. ಅಲ್ಲೇ ಒಂದು ಖಾಲಿ ಡಬ್ಬ ಬೋರಲು ಹಾಕಿ ಕೂತು ವಿವರಿಸಿದರು. ಹತ್ತಿ, ಕಟ್ಟಿಗೆ, ಕಾಗದ, ಗೋಣಿ ಇವು ಉರಿದು ಬೂದಿ ಉಳಿಸುವ ಪದಾರ್ಥ. ಒಳಗಿನ ಕೆಂಡದವರೆಗೆ ತಂಪು ಹೋಗಬೇಕು, ಅದಕ್ಕೆ ನೀರೇ ಬೇಕು. ನಮ್ಮ ಡಬ್ಬಿಯಲ್ಲಿ ಸೋಡಾ ಕರಗಿಸಿದ ನೀರು, ಅದರ ಮೇಲೆ ಒಂದು ಪುಟ್ಟ ಬಾಟ್ಲಿಯಲ್ಲಿ ಆಸಿಡ್. ತಲೆಕೆಳಗು ಮಾಡಿದರೆ ಎರಡೂ ಕೂಡಿ ಗ್ಯಾಸು ಹುಟ್ಟಿ ನೀರನ್ನು ಹೊರಗೆ ನೂಕುತ್ತದೆ. ಎಷ್ಟು ಜೋರಾಗಿ ಬಂದರೂ ಅದು ನೀರೇ. ಎಣ್ಣೆ ಉರಿಯುವಾಗ ತಂಪು ಮಾಡಹೋದರೆ ಕೆಟ್ಟಿತು. ಅದಕ್ಕೆ ಗಾಳಿ ತಪ್ಪಿಸಬೇಕು. ಮೊದಲು ಮುಚ್ಚಳ, ಮರಳು. ಆಮೇಲೆ ನೊರೆ ಉಗುಳುವ ಬೇರೆ ಜಾತಿಯ ಡಬ್ಬಿ. ಮೋಟಾರಿನ ಕೋಣೆಗೆ ಇವೆರಡೂ ಕೂಡದು, ಏಕೆಂದರೆ ನೀರಿನ ಧಾರೆಯಲ್ಲೂ ನೊರೆಯಲ್ಲೂ ಕರೆಂಟು ಹರಿದು ಹಿಡಿದವನ ಕೈಗೇ ಬರುತ್ತದೆ. ಅಲ್ಲಿಗೆ ಹಿತ್ತಾಳೆಯ ಪಂಪಿನದು, ಒಳಗೆ ಬೇರೆ ದ್ರವ. ಅದನ್ನು ಹೊಡೆದ ಮೇಲೆ ಬಾಗಿಲು ತೆರೆದು ಹೊರಗೆ ಬರಬೇಕು, ಅದರ ಹೊಗೆ ವಿಷ.

"ಕುದಿಯೋ ಎಣ್ಣಿ ಮ್ಯಾಲ ನೀರು ಬಿದ್ರ ಏನಾಕ್ಕೈತಿ ಅಂತ ನಾ ಹೇಳೋದು ಬ್ಯಾಡ, ಮನ್ಯಾಗ ಕೇಳ್ರಿ" ಎಂದು ಎದ್ದರು. ಶೇಂಗಾ ಸುಗ್ಗಿಗೆ ಮುಂಚೆ ಸರಿಯಾದ ಡಬ್ಬಿ ಬರಬೇಕು, ತಾವು ಮತ್ತೆ ಬಂದು ನೋಡುವುದಾಗಿ ಬರೆದುಕೊಟ್ಟು ಹೋದರು.

ನನಗೆ ಯಾರನ್ನೂ ಕೇಳುವುದು ಬೇಕಿರಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಇದೇ ಕಡಾಯಿಗೆ ಬೆಂಕಿ ಹತ್ತಿದಾಗ ಗೋಡೆಯ ಡಬ್ಬಿ ಇಳಿಸಿ ತಲೆಕೆಳಗು ಮಾಡಿದವನು ನಾನು. ಧಾರೆ ಕಡಾಯಿಗೆ ಬಿತ್ತು. ಬೆಂಕಿ ಆರುವ ಬದಲು ಮೇಲೆದ್ದು ಆಚೆ ಬದಿಯಲ್ಲಿದ್ದ ಎಣ್ಣೆ ಕಾಯಿಸುವ ಮೇಸ್ತ್ರಿಯ ಬಲಗೈ, ಕುತ್ತಿಗೆ ಹಿಡಿಯಿತು. ಕೊನೆಗೆ ಯಾರೋ ಒಣ ಮಣ್ಣು ಸುರಿದು ಆರಿಸಿದರು. ಕಾರಕೂನರು ಓಡಿಬಂದು ಡಬ್ಬಿ ತಿರುವದೆ ಇದ್ದಿದ್ದರೆ ಇಡೀ ಕೋಣೆ ಹೋಗುತ್ತಿತ್ತು ಎಂದು ಊರು ಮಾತಾಡಿತು. ನಾನೂ ಅದನ್ನೇ ನಂಬಿಕೊಂಡು ಒಂದು ವರ್ಷ ಕಳೆದೆ. ಹಬ್ಬಕ್ಕೊಮ್ಮೆ ಮೇಸ್ತ್ರಿಯ ಮನೆಗೆ ಹೋಗಿ, ಸುಕ್ಕುಗಟ್ಟಿದ ಅವನ ಕೈ ನೋಡಿ, ಉಳಿಸಿದೆನಲ್ಲ ಎಂದುಕೊಂಡು ಬರುತ್ತಿದ್ದೆ.

ಮೇಸ್ತ್ರಿ ಹಿರೇವಡ್ಡಟ್ಟಿಯವನು. ಎಣ್ಣೆಯ ಸದ್ದು ಕೇಳಿಯೇ ನೀರು ಹೋಯಿತೋ ಇಲ್ಲವೋ ಹೇಳುತ್ತಿದ್ದ. ಸುಟ್ಟ ಮೇಲೆ ಒಲೆಯ ಹತ್ತಿರ ಬಂದಿರಲಿಲ್ಲ; ಶೇಂಗಾ ಹಸನು ಮಾಡುವ ಕಡೆ ಜರಡಿ ಹಿಡಿದು ಕೂತಿದ್ದ. ಅವನ ಜಾಗಕ್ಕೆ ಬಂದ ಇಬ್ಬರೂ ಎಣ್ಣೆ ಕರಕಲು ಮಾಡಿದ್ದರಿಂದ ಈ ವರ್ಷ ಅವನೇ ಬೇಕೆಂದು ಮಿಲ್ಲಿನ ಒಡೆಯರಾದ ಸಾವಕಾರರು ಹಟ ಹಿಡಿದಿದ್ದರು. ಹೇಳಿಬಾ ಎಂದು ನನ್ನನ್ನೇ ಕಳಿಸಿದರು.

ಅವನು ಜರಡಿ ನಿಲ್ಲಿಸದೆ ಕೇಳಿದ. "ಹೊಸಾ ಡಬ್ಬಿ ತರಸ್ತಾರಂತ ಖಬರ ಬಂತು. ಖರೇನ?"

"ಖರೆ. ನೊರಿ ಬರೂವು ಎರಡು. ಮುಂಬೈಗೆ ಬರದೀವಿ."

"ಹಂಗಾದ್ರ ನೀವು ಸರಿ ಐತಿ ಅಂದ ದಿನ ಒಲಿ ಹಚ್ಚತೀನಿ. ಸಾವಕಾರ್ರು ಅಂದ ದಿನ ಅಲ್ಲ. ಅವರು ಸುಗ್ಗಿ ಹತ್ರ ಬಂದಂಗ ಎಲ್ಲಾ ಸರಿ ಐತಿ ಅಂತಾರ."

ಈ ಮಾತು ನನ್ನನ್ನು ನೆಮ್ಮದಿಯಾಗಿ ಕೂಡಲು ಬಿಡಲಿಲ್ಲ. ಊಟಕ್ಕೆ ಕೂತಾಗ ಅಧಿಕಾರಿ ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಬಾಣಲಿಗೆ ಉರಿ ಹತ್ತಿದ್ರ ನೀರು ಹಾಕ್ತಾರೇನ್ರಿ? ತಾಟು ಮುಚ್ಚತಾರ. ಇಷ್ಟು ಹೇಳಾಕ ಅವರು ಅಷ್ಟು ದೂರಿಂದ ಬಂದ್ರೇನು?" ಎಂದಳು. ಮರುದಿನ ಕಮ್ಮಾರರಿಂದ ಕಡಾಯಿಯ ಅಗಲಕ್ಕೆ ತಗಡಿನ ಮುಚ್ಚಳ ಮಾಡಿಸಿದೆ. ನಾಲ್ಕು ಮೊಳದ ಹಿಡಿಕೆ ಇಡಿಸಿದೆ, ಮುಚ್ಚುವವನು ದೂರ ನಿಲ್ಲಲಿ ಎಂದು. ಮರಳು ಜರಡಿ ಹಿಡಿದು ಬಕೆಟ್ಟುಗಳಿಗೆ ತುಂಬಿದೆ. ಬುಡ ದುಂಡಗಿರುವ ಬಕೆಟ್ಟು ಮಾಡಿಸಿದ್ದೆ. ನೆಲದ ಮೇಲೆ ನಿಲ್ಲದ್ದರಿಂದ ನೀರು ಸೇದಲು ಯಾರೂ ಒಯ್ಯುವುದಿಲ್ಲ.

ದಸರೆಗೆ ನಾಲ್ಕು ದಿನವಿರುವಾಗ ರೈಲ್ವೆ ಪಾರ್ಸೆಲ್ ಬಂತು. ಎರಡು ನೊರೆಯ ಡಬ್ಬಿ, ಒಂದು ಹಿತ್ತಾಳೆಯದು. ನೊರೆಯವು ನೋಡಲು ನಮ್ಮ ಹಳೆಯವುಗಳ ಅಚ್ಚೇ. ಅದೇ ಎತ್ತರ, ಅದೇ ಕೆಂಪು, ಎರಡನ್ನೂ ತಲೆಕೆಳಗು ಮಾಡಿಯೇ ಬಳಸಬೇಕು. ಮೈಮೇಲಿನ ಇಂಗ್ಲಿಷ್ ಚೀಟಿ ಮಾತ್ರ ಬೇರೆ. ನಾಲ್ಕೂ ಹಳೆಯವನ್ನು ಹತ್ತಿಯ ಕಡೆಗೆ, ನೊರೆಯವೆರಡನ್ನು ಎಣ್ಣೆಯ ಕೋಣೆಗೆ, ಹಿತ್ತಾಳೆಯದನ್ನು ಮೋಟಾರಿನ ಕೋಣೆಯ ಬಾಗಿಲ ಹೊರಗೆ ಹಾಕಿಸಿ, ಹಗುರಾದ ಮನಸ್ಸಿನಿಂದ ಹಬ್ಬಕ್ಕೆ ಹೆಂಡತಿಯ ತವರು ಲಕ್ಷ್ಮೇಶ್ವರಕ್ಕೆ ಹೋದೆ.

ಬನ್ನಿ ಮುಡಿದು ಮರುದಿನ ಬಂದು ಮಿಲ್ಲಿನ ಬಾಗಿಲಲ್ಲಿ ನಿಂತರೆ ಎಲ್ಲ ಥಳಥಳ ಹೊಳೆಯುತ್ತಿತ್ತು. ಖಂಡೇಪೂಜೆಗೆ ನಮ್ಮವರು ಯಂತ್ರ, ಸುತ್ತಿಗೆ, ಇಕ್ಕಳ, ತಕ್ಕಡಿ ಒಂದನ್ನೂ ಬಿಡುವುದಿಲ್ಲ. ಈ ಸಲ ಬೆಂಕಿ ಡಬ್ಬಿಗಳನ್ನೂ ಇಳಿಸಿದ್ದರು. ಹುಷಾರಾಗಿ ನೆಟ್ಟಗೆ ಹಿಡಿದು ಒಯ್ದು ಅಂಗಳದಲ್ಲಿ ಸಾಲಾಗಿ ಇಟ್ಟು, ತೊಳೆದು, ಹೊಸದಾಗಿ ಎಣ್ಣೆಬಣ್ಣ ಹೊಡೆದು, ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದ್ದರು. ಪೂಜೆ ಮುಗಿದ ಮೇಲೆ ಖಾಲಿ ಕಂಡ ಮೊಳೆಗೆ ಒಂದೊಂದು ತೂಗುಹಾಕಿದ್ದರು. ಹಿತ್ತಾಳೆಯದನ್ನು ಹುಣಸೆಹಣ್ಣು ಹಚ್ಚಿ ಚೀಟಿ ಅಳಿಯುವ ತನಕ ತಿಕ್ಕಿದ್ದರು.

ನಿಜ ಹೇಳಬೇಕೆಂದರೆ ಮೊದಲು ನನಗೆ ಸಂತೋಷವೇ ಆಯಿತು. ಎಣ್ಣೆಯ ಕೋಣೆಯವರೆಗೂ ನೋಡುತ್ತಾ ಬಂದೆ. ಅಲ್ಲಿ ಎರಡು ಡಬ್ಬಿ ತೂಗುತ್ತಿದ್ದವು, ಚೀಟಿಯ ಜಾಗದಲ್ಲಿ ದಪ್ಪ ಕೆಂಪು ಬಣ್ಣ. ಹೊರಗೆ ಓಡಿ ಹತ್ತಿಯ ಮನೆಯ ನಾಲ್ಕನ್ನೂ ನೋಡಿದೆ. ಆರೂ ಒಂದೇ.

ಬಣ್ಣ ಹೊಡೆದ ಫಿಟ್ಟರನನ್ನು ಹಿಡಿದೆ. "ಇಲ್ಲಿದ್ದೂವು ಯಾವುಪಾ?"

"ಯಾವೂ ಅಂದ್ರ? ಎಲ್ಲಾ ಒಂದ ತಾಯಿ ಮಕ್ಕಳಿದ್ದಂಗ ಅದಾವಲ್ರಿ."

"ಚೀಟಿ ಮ್ಯಾಲ ಬಣ್ಣಾ ಯಾಕ ಹೊಡದಿ?"

"ಚೀಟಿ ಹೊಲಸಾಗಿತ್ರಿ. ಪೂಜಿಗೆ ಹೊಲಸು ಇಡಬಾರದಲ್ಲ. ನೀವ ಅಂತಿದ್ರಿ, ಸ್ಟೋರಿನ ಸಾಮಾನು ಸ್ವಚ್ಛ ಇಡ್ರಿ ಅಂತ."

ನಾನು ಹೇಳಿದ್ದು ನಿಜ. ಯಾವುದು ಏಕೆ ಎಲ್ಲಿದೆ ಎಂಬುದನ್ನು ಮಾತ್ರ ಒಬ್ಬರಿಗೂ ಹೇಳಿರಲಿಲ್ಲ.

ಮುಚ್ಚಳ ತೆಗೆದು ನೋಡಿದರೆ ಗೊತ್ತಾಗುತ್ತಿತ್ತು. ನೀರಿನದರಲ್ಲಿ ಗಾಜಿನ ಪುಟ್ಟ ಬಾಟ್ಲಿ, ನೊರೆಯದರಲ್ಲಿ ಬುಡದವರೆಗೂ ಇಳಿದ ಉದ್ದನೆಯ ಒಳಕೊಳವೆ. ಆದರೆ ಹೊಸ ಬಣ್ಣ ಮುಚ್ಚಳದ ಸುತ್ತು ಒಣಗಿ ಕಚ್ಚಿಕೊಂಡಿತ್ತು. ಒಬ್ಬರು ಡಬ್ಬಿಯನ್ನು ಕಾಲಸಂದಿಯಲ್ಲಿ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಬ್ಲೇಡಿನಿಂದ ಬಣ್ಣ ಕೆತ್ತಿ ಮುಚ್ಚಳಕ್ಕೆ ಪಾನ, ಅಂದರೆ ಸ್ಪ್ಯಾನರ್, ಹಾಕಿ ತಿರುವಬೇಕು. ಮೂರನ್ನು ತೆರೆದೆವು, ಮೂರರಲ್ಲೂ ಬಾಟ್ಲಿ. ಎಣ್ಣೆಯ ಕೋಣೆಯಿಂದ ತಂದದ್ದೂ ಅವುಗಳಲ್ಲಿ ಒಂದು. ಅಂದರೆ ಒಲೆಯ ಪಕ್ಕಕ್ಕೆ ಮತ್ತೆ ನೀರೇ ಬಂದಿತ್ತು. ನಾಲ್ಕನೆಯದಕ್ಕೆ ಅವಸರ ಮಾಡಿದೆ. ಫಿಟ್ಟರನ ಕಾಲಸಂದಿಯಿಂದ ಜಾರಿ ಡಬ್ಬಿ ಮಗುಚಿತು. ಬುಸ್ಸೆಂದು ಬಿಳಿ ನೊರೆ ಅಂಗಳದುದ್ದಕ್ಕೂ ಹರಿದು ಅವನ ಧೋತರ, ನನ್ನ ಟೋಪಿ, ಒಣಹಾಕಿದ್ದ ಗೋಣಿ ಎಲ್ಲವನ್ನೂ ಮುಚ್ಚಿತು. ಜರಡಿಯ ಕಡೆಯಿಂದ ಹೆಣ್ಣಾಳುಗಳು ಎದ್ದುಬಂದು ನಕ್ಕರು.

"ಕಾರಕೂನರ ಅಭ್ಯಂಗನ ಇವತ್ತ ಮುಗೀತು ನೋಡ" ಎಂದಳು ಒಬ್ಬಾಕೆ. "ದೀಪಾವಳಿಗೆ ಇನ್ನೂ ಹದಿನೈದು ದಿನ ಐತಿ."

ಮೇಸ್ತ್ರಿಯೂ ಬಂದು ನಿಂತಿದ್ದ. ಅವನು ನಗಲಿಲ್ಲ. ನೊರೆಯನ್ನು ಬೆರಳಿಗೆ ಹಚ್ಚಿ ನೋಡಿ ಹಾಗೇ ತಿರುಗಿ ಹೋದ.

ಕೊನೆಗೆ ಲೆಕ್ಕ ಹತ್ತಿತು. ನಾಲ್ಕು ನೀರಿನವು, ಎರಡು ನೊರೆಯವು. ಎರಡರಲ್ಲಿ ಒಂದು ಈಗ ಖಾಲಿ. ಅದಕ್ಕೆ ತುಂಬುವ ಪುಡಿ ಗದಗಿನಲ್ಲಿಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಮುಂಬಯಿಗೆ ತಾರು ಹೊಡೆದೆವು. ಕಳಿಸಿದ್ದೇವೆ ಎಂದು ಉತ್ತರ ಬಂತು, ಪಾರ್ಸೆಲ್ ಬರಲಿಲ್ಲ. ದಿನಕ್ಕೆ ಎರಡು ಸಲ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದೆ. ನಡುವೆ ಎಣ್ಣೆಯ ಕೋಣೆಗೆ ಹೋಗಿ ಉಳಿದ ಒಂದು ಡಬ್ಬಿಯನ್ನು ಮುಟ್ಟಿ ಬರುತ್ತಿದ್ದೆ. ಸ್ಟೋರಿನಲ್ಲಿ ಬರೆಯಲು ಕೂತರೆ ಅರ್ಧ ಸಾಲಿಗೆ ಎದ್ದು ಹೋಗುವಂತಾಗುತ್ತಿತ್ತು.

ಆ ಬಿಡುವಿನಲ್ಲಿ ಗುರುತಿನ ಕೆಲಸ ಮುಗಿಸಿದೆ. ಫಿಟ್ಟರನ ಕೈಯಿಂದಲೇ ನೀರಿನ ಡಬ್ಬಿಗಳ ಮೇಲೆ ಬಿಳಿ ಬಣ್ಣದಲ್ಲಿ ಹತ್ತಿಕಾಯಿ, ನೊರೆಯವುಗಳ ಮೇಲೆ ಶೇಂಗಾಕಾಯಿ ಬರೆಸಿದೆ. ಅದೇ ಚಿತ್ರ ಮೊಳೆಯ ಮೇಲಿನ ಗೋಡೆಗೂ. ಓದು ಬಾರದವರೂ ಕಾಯಿಗೆ ಕಾಯಿ ಕೂಡಿಸಬಹುದು. ಅವನ ಶೇಂಗಾ ನುಗ್ಗೆಕಾಯಿಯಂತೆ ಬಂತು. ಎರಡನೆಯ ಸಲ ಬರೆಸಿದೆ. ಇನ್ನು ಪೂಜೆ ಮಾಡುವುದಾದರೆ ಗೋಡೆಯ ಮೇಲಿದ್ದ ಹಾಗೇ ಮಾಡಬೇಕೆಂದು ಎಲ್ಲರಿಗೂ ಹೇಳಿದೆ. ಒಬ್ಬೊಬ್ಬರನ್ನೂ ಕರೆದು, ಯಾವುದು ಯಾವುದಕ್ಕೆ, ಎಲ್ಲಿ ನಿಲ್ಲಬೇಕು, ಏನು ಮಾಡಬಾರದು ಎಂದು ತೋರಿಸಿದೆ.

ಅಷ್ಟರಲ್ಲಿ ನವೆಂಬರ್ ಒಂದು ಬಂತು. ಗದಗಿನಲ್ಲಿ ಮೆರವಣಿಗೆ, ಮನೆಮನೆಗೆ ತೋರಣ. ನಾನೂ ಹೋಗಿ ಕೂಗಿದೆ, ಗಂಟಲು ಕಟ್ಟುವ ತನಕ. ಅದರ ಬೆನ್ನಿಗೇ ದೀಪಾವಳಿ. ಪಾಡ್ಯದ ದಿನ ಕಡಾಯಿ ಇಡುವುದು ನಮ್ಮ ಮಿಲ್ಲಿನ ಪದ್ಧತಿ. ಡೋಣಿ, ಮುಂಡರಗಿ ಕಡೆಯ ಶೇಂಗಾ ಬಂಡಿಗಳು ಗೇಟಿನಿಂದ ಕುರ್ತಕೋಟಿ ರಸ್ತೆಯತನಕ ನಿಂತಿದ್ದವು. ಹಿಂದಿನ ದಿನ ಸಾವಕಾರರು ನನ್ನನ್ನೂ ಮೇಸ್ತ್ರಿಯನ್ನೂ ಕರೆಸಿದರು.

"ನಾಳೆ ಒಲಿ ಹಚ್ಚೂದು. ಏನಂತೀರಿ?"

"ಇನ್ನೊಂದು ಡಬ್ಬಿ ಖಾಲಿ ಐತ್ರಿ, ಸಾವಕಾರ್ರ. ಪುಡಿ ಬಂದಿಲ್ಲ" ಎಂದೆ.

"ಒಂದರ ತುಂಬೇತಿ ಅಲ್ಲ. ಮುಚ್ಚಳ ಐತಿ, ಉಸುಕು ಐತಿ. ಮತ್ತ ನೋಡಾಕ ಬರೋರು ಯಾರು? ಮುಂಬೈ ಸಾಹೇಬ್ರ ಅಧಿಕಾರ ಮುಗೀತು. ಮೈಸೂರಿನವರು ಇನ್ನೂ ಕುರ್ಚಿ ಹುಡಕಾಕತ್ತಾರ. ಈ ತಿಂಗಳು ನಮ್ಮ ಕಡೆ ಯಾರೂ ಹಣಕಿ ಹಾಕಾಂಗಿಲ್ಲ."

ಅವರ ಮಾತು ಸುಳ್ಳಲ್ಲ. ಅಧಿಕಾರಿಯ ಕಚೇರಿಗೆ ಬರೆದ ಎರಡು ಪತ್ರಕ್ಕೂ ಉತ್ತರವಿರಲಿಲ್ಲ. ಅಲ್ಲಿ ಕಡತಗಳನ್ನು ಗಂಟು ಕಟ್ಟುತ್ತಿದ್ದಾರೆಂದು ಹೋಗಿಬಂದವರು ಹೇಳಿದ್ದರು. ನಾನು ಹೂಂ ಅಂದರೆ ಸಾಕಿತ್ತು. ಮೇಸ್ತ್ರಿ ನನ್ನ ಬಾಯನ್ನೇ ನೋಡುತ್ತಿದ್ದ. ಒಂದು ಡಬ್ಬಿ ಸಾಕಾಗಬಹುದು ಎಂದೂ ನನಗನ್ನಿಸಿತು. ಆದರೆ ಆ ಡಬ್ಬಿ ಬೆಂಕಿ ಆರಿಸಿದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ವರ್ಷವೂ ಹೀಗೆಯೇ ನೋಡದೆ, ತಿಳಿಯದೆ, ಗೋಡೆಯ ಮೇಲಿದ್ದದ್ದನ್ನು ನಂಬಿದ್ದೆ.

"ಸಾವಕಾರ್ರ, ನಾ ಸರಿ ಐತಿ ಅನ್ನಾಂಗಿಲ್ಲ" ಎಂದೆ. ನಂತರ ಮೇಸ್ತ್ರಿಯ ಕಡೆ ತಿರುಗಿದೆ. ಆ ಒಂದೂವರೆ ತಿಂಗಳು ನುಂಗಿಕೊಂಡಿದ್ದು ಹೊರಗೆ ಬಂತು. "ಹೋದ ವರ್ಷ ನಾ ಹೊಡದದ್ದು ನೀರಿನ ಡಬ್ಬಿ. ಎಣ್ಣಿಗೆ ಅದನ್ನ ಹೊಡೀಬಾರದಾಗಿತ್ತು. ನಿನಗ ಸುಟ್ಟಿದ್ದು ನನ್ನ ಕೈಯಿಂದ."

ಸಾವಕಾರರು ನಿಂತವರು ಕೂತರು. ಮೇಸ್ತ್ರಿ ಸುಟ್ಟ ಕೈಯ ಮೇಲೆ ಅಂಗಿಯ ತೋಳು ಎಳೆದುಕೊಂಡ.

"ನನಗ ಗೊತ್ತಿತ್ರಿ. ಆಚಿ ಕಡೆ ನಾನ ನಿಂತಿದ್ನೆಲ್ಲ. ನೀರು ಬಿದ್ದದ್ದೂ ಕಂಡೆ, ಉರಿ ಎದ್ದದ್ದೂ ಕಂಡೆ."

"ಮತ್ತ ಒಂದು ವರ್ಷ ಒಂದ ಮಾತೂ ಆಡ್ಲಿಲ್ಲಲ್ಲೋ."

"ಹಬ್ಬಕ್ಕೊಮ್ಮೆ ಬಂದು ಕೈ ನೋಡಿ ಖುಷಿಲೆ ಹೋಗ್ತಿದ್ರಿ. ಏನಂತ ಹೇಳ್ಲಿ?"

ಸಾವಕಾರರು ಬಹಳ ಹೊತ್ತು ಗೊಣಗಿದರು. ಕೊನೆಗೆ ಒಪ್ಪಿದ್ದು ಹೀಗೆ: ಪಾಡ್ಯಕ್ಕೆ ಗಾಣ ಸುರುವಾಗಲಿ, ಬಂಡಿ ಖಾಲಿಯಾಗಲಿ, ಹಸಿ ಎಣ್ಣೆ ತೊಟ್ಟಿಯಲ್ಲಿ ನಿಲ್ಲಲಿ, ಕಡಾಯಿಗೆ ಪೂಜೆ ಮಾತ್ರ, ಉರಿ ಇಲ್ಲ. "ಹಸಿ ಎಣ್ಣಿ ವಾಸನಿ ಹತ್ತಿದ್ರ ನಿಮ್ಮನ್ನ ಅದರಾಗ ಅದ್ದತೀನಿ" ಎಂದು ನನ್ನ ಕಡೆ ಬೆರಳು ಮಾಡಿದರು.

ಎಂಟು ದಿನ ತೊಟ್ಟಿಯ ಮೇಲೆ ಬಗ್ಗಿ ಎಣ್ಣೆ ಮೂಸುವುದು, ಸ್ಟೇಷನ್ನಿಗೆ ಹೋಗುವುದು, ಇಷ್ಟೇ ಆಯಿತು. ಒಂಬತ್ತನೆಯ ದಿನ ಪಾರ್ಸೆಲ್ ಬಂತು, ಎರಡು ಡಬ್ಬಿಗೆ ಆಗುವಷ್ಟು ಪುಡಿ. ಕಾಗದದಲ್ಲಿ ಬರೆದ ಅಳತೆಯಂತೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಪುಡಿಯನ್ನು ಹೊರಡಬ್ಬಿಗೂ ಇನ್ನೊಂದನ್ನು ಒಳಕೊಳವೆಗೂ ಬೇರೆಬೇರೆ ಪಾತ್ರೆಯಲ್ಲಿ, ಬೇರೆಬೇರೆ ಕೋಲಿನಿಂದ ಕಲಸಿದೆ. ಖಾಲಿಯಾಗಿದ್ದ ಡಬ್ಬಿ ತುಂಬಿತು. ಇನ್ನೊಂದು ಸಲಕ್ಕಾಗುವ ಪುಡಿ ಉಳಿಯಿತು. ಅದನ್ನು ಕಾಪಿಡುವುದೇ ಸ್ಟೋರಿನವನ ಸ್ವಭಾವ. ನಾನು ಮಾತ್ರ, ಅದು ಬೆಂಕಿ ಆರಿಸುವುದನ್ನು ಕಣ್ಣಾರೆ ನೋಡಲು, ಒಂದು ಡಬ್ಬಿ ಅಂಗಳಕ್ಕೆ ತರಿಸಿದೆ.

ಒಡೆದ ಹಳೆಯ ಕಡಾಯಿಯ ಬುಡದಲ್ಲಿ ಎಣ್ಣೆಯ ಗಸಿ, ಅದರ ಮೇಲೆ ಸೀಮೆಎಣ್ಣೆ. ಗಾಳಿ ಎತ್ತಣಿಂದ ಎಂದು ಧೂಳು ತೂರಿ ನೋಡಿ ಎಲ್ಲರನ್ನೂ ಆ ಕಡೆಗೆ ನಿಲ್ಲಿಸಿದೆ. ಮರಳು, ಮುಚ್ಚಳ ಪಕ್ಕದಲ್ಲಿದ್ದವು. ಡಬ್ಬಿ ಎತ್ತಿಕೊಳ್ಳಲು ಬಗ್ಗಿದೆ. ಮೇಸ್ತ್ರಿ ನನ್ನ ಭುಜ ಹಿಡಿದು ಆಚೆ ಸರಿಸಿದ.

"ನೀವು ಬ್ಯಾಡ್ರಿ. ನಿಮ್ಮ ಕೈಗುಣ ನೋಡೀನಿ. ಎಲ್ಲಿಗೆ ಹೊಡೀಬೇಕು, ಅಷ್ಟು ಹೇಳ್ರಿ."

"ಎಣ್ಣಿ ನಡುವ ಬ್ಯಾಡ. ಆಚಿ ಅಂಚಿನ ಒಳಗೋಡಿಗೆ ಹಿಡಿ. ಅದು ತಾನ ಇಳದು ಹಾಸ್ತೈತಿ."

ಫಿಟ್ಟರ್ ಉದ್ದ ಕೋಲಿನ ತುದಿಗೆ ಚಿಂದಿ ಹೊತ್ತಿಸಿ ಇಟ್ಟ. ಉರಿ ಆಳೆತ್ತರಕ್ಕೆ ಹೋಯಿತು. ಮೇಸ್ತ್ರಿ ತಕ್ಷಣ ತಿರುವಲಿಲ್ಲ. ಉರಿ ನೋಡುತ್ತಾ ನಿಂತ, ಸುಟ್ಟ ಕೈ ಡಬ್ಬಿಯ ಬುಡದಲ್ಲಿ, ಇನ್ನೊಂದು ಹಿಡಿಕೆಯಲ್ಲಿ. ನಾನು ಮುಚ್ಚಳದ ಹಿಡಿಕೆಗೆ ಕೈ ಹಾಕಿದೆ. ಆಮೇಲೆ ತಿರುವಿದ. ನೊರೆ ಆಚೆ ಅಂಚಿಗೆ ಬಡಿದು ಮೆಲ್ಲಗೆ ಇಳಿಯಿತು. ಉರಿಯ ಬುಡವನ್ನು ಒಂದು ಕಡೆಯಿಂದ ಕಂಬಳಿ ಎಳೆದಂತೆ ಮುಚ್ಚುತ್ತಾ ಬಂತು. ಈಚೆ ಅಂಚಿನಲ್ಲಿ ಒಂದು ನಾಲಗೆಯಷ್ಟು ಉರಿ ಉಳಿದಿತ್ತು. ಅದೂ ಹೋಯಿತು. ಮೇಸ್ತ್ರಿ ಡಬ್ಬಿ ಪೂರ್ತಿ ಖಾಲಿಯಾಗುವ ತನಕ ಹಿಡಿದೇ ಇದ್ದ. ಆಮೇಲೆ ಹತ್ತಿರ ಹೋಗಿ ನೊರೆಯ ಮೇಲೆ ಅಂಗೈ ಹಿಡಿದು ನೋಡಿದ.

"ಆತು" ಎಂದ. "ಇದನ್ನ ತುಂಬ್ರಿ. ನಾ ಕಟಗಿ ಒಟ್ಟತೀನಿ."

ಉಳಿದ ಪುಡಿ ಕಲಸಿ ತುಂಬಿ, ಶೇಂಗಾಕಾಯಿಯ ಚಿತ್ರದ ಕೆಳಗೆ ತೂಗುಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಒಲೆ ಹೊತ್ತಿತು. ಕಡಾಯಿಯಲ್ಲಿ ಎಣ್ಣೆ ಚಟಪಟ ಎನ್ನತೊಡಗಿತು. ಮೇಸ್ತ್ರಿ ತಲೆ ಒಂದು ಕಡೆ ವಾಲಿಸಿ ಕೇಳುತ್ತಾ ನಿಂತ, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ. ನನಗೆ ಸ್ಟೋರಿನಲ್ಲಿ ಕೆಲಸವಿತ್ತು, ಹೋಗಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಅವನು ತಿರುಗದೆಯೇ ಅಂದ:

"ಕಾರಕೂನರ, ಒಳಗರ ಬರ್ರಿ, ಹೊರಗರ ಹೋಗ್ರಿ. ಈ ಕೋಣಿಗೆ ಇರೋದು ಒಂದ ಬಾಗಲ. ಏನರ ಆದ್ರ ನಾ ಓಡೂದು ಹೆಂಗ?"

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.